ಒಂದು ಕೃತಿ, ಮೂರು ರೆಕಾರ್ಡಿಂಗ್: ರಾಕ್ಮನಿನೊಫ್, ಮಾಲರ್, ಮೆಟ್ನರ್ ಕೇಳುವ ಬಗೆ

ರಷ್ಯಾದ ಸಂಯೋಜಕ ರಾಕ್ಮನಿನೊಫ್ ಅವರ ಎರಡನೇ ಪಿಯಾನೋ ಕಾನ್ಚೆರ್ಟೊ ಕೇಳೋಣ ಅಂತ ಮೊಬೈಲಲ್ಲಿ ಹುಡುಕಿ ನೋಡಿ. ಪಟ್ಟಿ ಮುಗಿಯುವುದೇ ಇಲ್ಲ. ಅದೇ ಕೃತಿ, ಅದೇ ಹೆಸರು. ನುಡಿಸಿದವರು ಮಾತ್ರ ಬೇರೆ ಬೇರೆ. ಒಂದರ ಮೇಲೆ 1929 ಅಂತಿದೆ, ಇನ್ನೊಂದರ ಮೇಲೆ 1959, ಮತ್ತೊಂದು ಹೋದ ವರ್ಷದ್ದು. ಯಾವುದನ್ನು ಒತ್ತುವುದು? ಹೊಸಬರು ಮೊದಲು ಕಂಡದ್ದನ್ನು ಒತ್ತುತ್ತಾರೆ, ಹತ್ತು ನಿಮಿಷ ಕೇಳುತ್ತಾರೆ, ಚೆನ್ನಾಗಿದೆ ಆದರೆ ಉದ್ದ ಜಾಸ್ತಿ ಅಂದುಕೊಂಡು ಬೇರೆ ಕಡೆ ಹೋಗುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ನೂರು ಕೃತಿ ಕೇಳಿದ್ದೆ, ಒಂದೂ ನೆನಪಿರಲಿಲ್ಲ.

ಆಮೇಲೆ ದಾರಿ ತಿರುಗಿಸಿದೆ. ನೂರು ಕೃತಿಯನ್ನು ಒಂದೊಂದು ಸಲ ಕೇಳುವ ಬದಲು ಒಂದೇ ಕೃತಿಯನ್ನು ಮೂರು ಜನರ ಕೈಯಲ್ಲಿ ಕೇಳಿದೆ. ಅಲ್ಲಿಂದ ಕಿವಿ ತೆರೆಯಿತು. ಇದು ನಮಗೇನೂ ಹೊಸ ಅಭ್ಯಾಸವಲ್ಲ. ಒಂದೇ ದೇವರನಾಮವನ್ನು ಭೀಮಸೇನ ಜೋಶಿಯವರ ದನಿಯಲ್ಲಿ ಕೇಳಿ, ಆಮೇಲೆ ಇನ್ನೊಬ್ಬರ ದನಿಯಲ್ಲಿ ಕೇಳಿ, ಊಟದ ಹೊತ್ತಿಗೆ ಜಗಳ ಮಾಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಒಂದು ವ್ಯತ್ಯಾಸ ಉಂಟು. ಇಲ್ಲಿ ಸ್ವರಗಳೆಲ್ಲ ಮೊದಲೇ ಬರೆದಿಟ್ಟದ್ದು. ಸಂಗತಿ ಸೇರಿಸುವಂತಿಲ್ಲ, ಸ್ವರಕಲ್ಪನೆ ಇಲ್ಲ. ಹಾಗಾಗಿ ವಾದಕನ ಮನಸ್ಸು ಕಾಣುವುದು ವೇಗದಲ್ಲಿ, ಒತ್ತಿನಲ್ಲಿ, ಎಲ್ಲಿ ಎಳೆಯುತ್ತಾನೆ, ಎಲ್ಲಿ ಬಿಡುತ್ತಾನೆ ಅನ್ನುವುದರಲ್ಲಿ.

ನಾನಿಲ್ಲಿ ಹೇಳುತ್ತಿರುವುದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಲೇಟ್ ರೊಮ್ಯಾಂಟಿಕ್ ಕಾಲದ ಬಗ್ಗೆ. ಲೇಟ್ ರೊಮ್ಯಾಂಟಿಕ್ ಅಂದರೆ ಸ್ಥೂಲವಾಗಿ 19ನೇ ಶತಮಾನದ ಕೊನೆಯ ದಶಕಗಳು ಮತ್ತು 20ನೇ ಶತಮಾನದ ಮೊದಲ ದಶಕಗಳ ಸಂಗೀತ. ಬ್ರುಕ್ನರ್, ಮಾಲರ್, ರಿಚರ್ಡ್ ಸ್ಟ್ರಾಸ್, ಸ್ಕ್ರಿಯಾಬಿನ್, ರಾಕ್ಮನಿನೊಫ್, ಮೆಟ್ನರ್. ಕೊನೆಯ ಇಬ್ಬರ ಸಂಗೀತ 1940ರ ದಶಕದವರೆಗೂ ಹಳೆಯ ಜಾಡಿನಲ್ಲೇ ಹರಿಯಿತು. ದೊಡ್ಡ ಆರ್ಕೆಸ್ಟ್ರಾ, ಉದ್ದದ ರಾಗಗಳು, ದಪ್ಪ ಸ್ವರಗುಚ್ಛಗಳು, ಅಂದರೆ ಒಟ್ಟಿಗೆ ನುಡಿಯುವ ಹಲವು ಸ್ವರಗಳು. ಈ ಸಂಗೀತ ಬರೆದವರಲ್ಲಿ ಕೆಲವರು ಮೈಕ್ ಬರುವವರೆಗೂ ಬದುಕಿದ್ದರು. ಅಂದರೆ ಬರೆದವರೇ ನುಡಿಸಿದ್ದು ನಮಗೆ ಸಿಗುತ್ತದೆ. ಮೊಜಾರ್ಟ್ ವಿಷಯದಲ್ಲಿ ಆ ಭಾಗ್ಯ ಇಲ್ಲ.

1. ಮೊದಲು ಫೋನು, ಹೆಡ್‌ಫೋನು ಸರಿ ಮಾಡಿಕೊಳ್ಳಿ

ರಾಕ್ಮನಿನೊಫ್ ಎರಡನೇ ಕಾನ್ಚೆರ್ಟೊ, ಓಪಸ್ (ಕೃತಿ ಸಂಖ್ಯೆ) 18. ಇದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಕಾನ್ಚೆರ್ಟೊ ಅಂದರೆ ಒಬ್ಬ ವಾದಕ ಮುಂದೆ, ಇಡೀ ಆರ್ಕೆಸ್ಟ್ರಾ ಜೊತೆಗೆ. ಇದು ಶುರುವಾಗುವುದು ಬರೀ ಪಿಯಾನೋದಿಂದ. ದೂರದ ಗುಡಿಯ ಗಂಟೆ ಬಡಿದ ಹಾಗೆ ಒಂದೊಂದೇ ಸ್ವರಗುಚ್ಛ. ಮೊದಲನೆಯದು ಪಿಸುಮಾತಿನಷ್ಟು ಮೆತ್ತಗೆ. ಬರಬರುತ್ತಾ ಜೋರಾಗುತ್ತಾ, ಕೊನೆಗೆ ಅಲೆ ಒಡೆದ ಹಾಗೆ ಆರ್ಕೆಸ್ಟ್ರಾ ಒಳಗೆ ಬರುತ್ತದೆ.

ಇದನ್ನು ಸಿಟಿ ಬಸ್ಸಿನಲ್ಲಿ ಕೇಳಿದರೆ ಏನಾಗುತ್ತದೆ ಗೊತ್ತಲ್ವಾ? ಗಂಟೆಯ ಮೊದಲ ನಾಲ್ಕು ಬಡಿತ ಕೇಳಿಸುವುದೇ ಇಲ್ಲ. ವಾಲ್ಯೂಮ್ ಏರಿಸುತ್ತೀರಿ. ಅರ್ಧ ನಿಮಿಷಕ್ಕೆ ಕಿವಿ ಹರಿದುಹೋಗುತ್ತದೆ. ಸಿನಿಮಾ ಹಾಡುಗಳಲ್ಲಿ ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ಇಷ್ಟು ಅಂತರ ಇರುವುದಿಲ್ಲ. ಅದಕ್ಕೇ ಅವು ಬಸ್ಸಿಗೆ ಹೊಂದುತ್ತವೆ. ಇದು ಹೊಂದುವುದಿಲ್ಲ. ರಾತ್ರಿ ಊಟ ಆದಮೇಲೆ, ಫ್ಯಾನು ನಿಲ್ಲಿಸಿ ಕೂತು ಕೇಳಿ.

ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಮೂರು ಕೆಲಸ ಮಾಡಿ. ಎಲ್ಲ ಹಾಡನ್ನೂ ಒಂದೇ ಮಟ್ಟದ ಸದ್ದಿಗೆ ತರುವ ನಾರ್ಮಲೈಸ್ ಅನ್ನುವುದನ್ನು ಆಫ್ ಮಾಡಿ. ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಸುವ ಕ್ರಾಸ್‌ಫೇಡ್ ಕೂಡ ಆಫ್. ಟ್ರ್ಯಾಕ್‌ಗಳ ನಡುವೆ ತಡೆ ಇಲ್ಲದೆ ನುಡಿಸುವ ಗ್ಯಾಪ್‌ಲೆಸ್ ಆನ್ ಇರಲಿ. ಇದು ಮುಖ್ಯ. ರಾಕ್ಮನಿನೊಫ್ ಮೂರನೇ ಕಾನ್ಚೆರ್ಟೊದಲ್ಲಿ ಎರಡನೇ ಭಾಗ ನಿಲ್ಲದೆ ನೇರವಾಗಿ ಮೂರನೇ ಭಾಗಕ್ಕೆ ನುಗ್ಗುತ್ತದೆ. ಅಲ್ಲಿ ಫೋನು ಅರ್ಧ ಸೆಕೆಂಡ್ ಉಸಿರು ತೆಗೆದುಕೊಂಡರೂ ಎಲ್ಲ ಕೆಟ್ಟಿತು. ಶಫಲ್ ಬಗ್ಗೆ ನಾನು ಹೇಳಬೇಕಿಲ್ಲ ಅಂದುಕೊಂಡಿದ್ದೇನೆ. ಆದರೂ ಒಮ್ಮೆ ನೋಡಿಕೊಳ್ಳಿ. ಸಿಂಫನಿ ಅಂದರೆ ಇಡೀ ಆರ್ಕೆಸ್ಟ್ರಾಗೆ ಬರೆದ, ಹಲವು ಭಾಗಗಳ ದೊಡ್ಡ ಕೃತಿ. ಮಾಲರ್ ಸಿಂಫನಿಯ ಕೊನೆಯ ಭಾಗ ಮೊದಲು ಕೇಳಿ ಮೆಚ್ಚಿಕೊಂಡವರು ನನಗೆ ಗೊತ್ತು!

ಹುಡುಕುವಾಗ ಒಂದು ಉಪಾಯ. ಈ ರಷ್ಯನ್ ಹೆಸರನ್ನು ಇಂಗ್ಲಿಷಿನಲ್ಲಿ ಕೊನೆಗೆ ಎರಡು 'ಎಫ್' ಹಾಕಿಯೂ ಬರೆಯುತ್ತಾರೆ, ಒಂದು 'ವಿ' ಹಾಕಿಯೂ ಬರೆಯುತ್ತಾರೆ. ಎರಡೂ ಹಾಕಿ ನೋಡಿ. ಬರೀ ಕೃತಿಯ ಹೆಸರು ಸಾಲದು. ವಾದಕರ ಹೆಸರು, ಕಂಡಕ್ಟರ್ ಹೆಸರು ಸೇರಿಸಿ. ಕಂಡಕ್ಟರ್ ಅಂದರೆ ಸೀಟಿ ಊದಿ ಬಸ್ ನಿಲ್ಲಿಸುವವರಲ್ಲ, ಕೋಲು ಹಿಡಿದು ಆರ್ಕೆಸ್ಟ್ರಾ ನಡೆಸುವವರು. ಕೆಲಸ ಮಾತ್ರ ಒಂದೇ ಥರ. ಯಾರನ್ನು ಯಾವಾಗ ಹತ್ತಿಸಬೇಕು, ಯಾವಾಗ ಇಳಿಸಬೇಕು ಅನ್ನುವುದು.

2. ಸ್ವಚ್ಛವಾದ ಸದ್ದಿನಿಂದ ಶುರು ಮಾಡಿ

ಹಳೆಯದೇ ಶ್ರೇಷ್ಠ ಅಂತ ಯಾರೋ ಹೇಳಿದರು ಅಂತ 1929ರದ್ದನ್ನೇ ಮೊದಲು ಹಾಕಬೇಡಿ. ಕೃತಿಯ ನಕ್ಷೆ ತಲೆಯಲ್ಲಿ ಇಲ್ಲದಾಗ ಕರಕರ ಸದ್ದಿನ ನಡುವೆ ದಾರಿ ಸಿಗುವುದಿಲ್ಲ. ಮೊದಲು ಸ್ಟೀರಿಯೋ ಕಾಲದ ಒಂದನ್ನು ತೆಗೆದುಕೊಳ್ಳಿ. ವ್ಲಾಡಿಮಿರ್ ಆಶ್ಕೆನಾಜಿ, ಆಂಡ್ರೆ ಪ್ರೆವಿನ್ ನಡೆಸಿದ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ 1970ರ ದಶಕದ ಆರಂಭದಲ್ಲಿ ಡೆಕ್ಕಾಗೆ ನುಡಿಸಿದ್ದು ಸುಲಭವಾಗಿ ಸಿಗುತ್ತದೆ. ಅತಿ ವೇಗವೂ ಅಲ್ಲ, ಅತಿ ನಿಧಾನವೂ ಅಲ್ಲ. ವಾದ್ಯಗಳು ಎಲ್ಲಿ ಕೂತಿವೆ ಅಂತ ಕಿವಿಗೆ ಕಾಣುತ್ತದೆ.

ಇದನ್ನು ಒಂದು ವಾರದಲ್ಲಿ ಮೂರು ಸಲ ಕೇಳಿ. ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ನಾಲ್ಕು ಜಾಗ ಗುರುತು ಹಾಕಿಕೊಳ್ಳಿ. ಒಂದು, ಶುರುವಿನ ಗಂಟೆಗಳು. ಎರಡು, ಗಂಟೆಗಳು ಮುಗಿದಮೇಲೆ ತಂತಿವಾದ್ಯಗಳು ಹಿಡಿಯುವ ಉದ್ದದ ರಾಗ. ಅಲ್ಲಿ ಪಿಯಾನೋ ಬರೀ ಅಲೆಗಳನ್ನು ಎಬ್ಬಿಸುತ್ತಿರುತ್ತದೆ, ರಾಗ ಅದರದ್ದಲ್ಲ. ಮೂರು, ಎರಡನೇ ಭಾಗದ ಆರಂಭದಲ್ಲಿ ಕೊಳಲು, ಅದರ ಹಿಂದೆಯೇ ಕ್ಲಾರಿನೆಟ್. ನಾಲ್ಕು, ಕೊನೆಯ ಭಾಗದಲ್ಲಿ ಓಬೋ (ಶಹನಾಯಿ ಜಾತಿಯ ಊದುವ ವಾದ್ಯ) ಮತ್ತು ವಿಯೋಲಾಗಳು (ಪಿಟೀಲಿಗಿಂತ ತುಸು ದೊಡ್ಡವು) ಎತ್ತಿಕೊಡುವ ರಾಗ. ಅದು ಬಂದಾಗ ನಿಮಗೇ ಗೊತ್ತಾಗುತ್ತದೆ. ಪ್ರತಿ ಜಾಗದ ನಿಮಿಷ, ಸೆಕೆಂಡು ಒಂದು ಚೀಟಿಯಲ್ಲಿ ಬರೆದಿಡಿ. ಈ ಚೀಟಿ ಮುಂದೆ ಕೆಲಸಕ್ಕೆ ಬರುತ್ತದೆ.

3. ಈಗ ಬರೆದವರ ಕೈಯಲ್ಲೇ ಕೇಳಿ

1929ರ ಏಪ್ರಿಲ್‌ನಲ್ಲಿ ರಾಕ್ಮನಿನೊಫ್ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಜೊತೆ ಇದೇ ಕಾನ್ಚೆರ್ಟೊ ರೆಕಾರ್ಡ್ ಮಾಡಿದರು. ನಡೆಸಿದವರು ಲಿಯೋಪೋಲ್ಡ್ ಸ್ಟೊಕೊವ್‌ಸ್ಕಿ. ಆಗ ಗ್ರಾಮಫೋನ್ ಪ್ಲೇಟಿನ ಒಂದು ಮುಖಕ್ಕೆ ಹಿಡಿಸುತ್ತಿದ್ದುದು ಸುಮಾರು ನಾಲ್ಕು ನಿಮಿಷ. ಅಷ್ಟು ನುಡಿಸಿ, ನಿಲ್ಲಿಸಿ, ಮತ್ತೆ ಮುಂದಿನ ತುಂಡು. ನಾವು ಈಗ ಕೇಳುವುದು ಆ ತುಂಡುಗಳನ್ನು ಹೊಲಿದದ್ದು.

ಮೊದಲ ಮೂರು ನಿಮಿಷ ಕಷ್ಟ. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಒಂದು ಚುಂಯ್ ಸದ್ದು ಹಿಂದೆ ಇದ್ದೇ ಇರುತ್ತದೆ. ತಡೆದುಕೊಳ್ಳಿ. ಮಳೆಗಾಲದಲ್ಲಿ ಮಳೆ ಸದ್ದು ಮರೆತು ಮಾತಾಡುವುದಿಲ್ಲವೇ, ಹಾಗೆ ಕಿವಿ ತಾನೇ ಅದನ್ನು ಬದಿಗಿಡುತ್ತದೆ. ಆಮೇಲೆ ಅಚ್ಚರಿ ಶುರು. ಈ ಕೃತಿ ಅಂದರೆ ಕಣ್ಣೀರು, ವಿರಹ, ಸಿನಿಮಾ ಕ್ಲೈಮ್ಯಾಕ್ಸ್ ಅಂತ ನಾವು ಅಂದುಕೊಂಡಿರುತ್ತೇವೆ. ಬರೆದವರು ನುಡಿಸುವಾಗ ಅಷ್ಟು ಅಳುವುದೇ ಇಲ್ಲ. ಮೊದಲ ಭಾಗ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ರಾಗ ಎಲ್ಲೂ ನಿಂತು ಕನ್ನಡಿ ನೋಡಿಕೊಳ್ಳುವುದಿಲ್ಲ. ನಡೆಯುತ್ತಾ ಹೋಗುತ್ತದೆ.

ಇಲ್ಲಿ ಒಂದು ಎಚ್ಚರ. ಅದೇ 1929ರ ರೆಕಾರ್ಡಿಂಗ್ ಹಲವು ಕಂಪನಿಗಳ ಹೆಸರಲ್ಲಿ ಸಿಗುತ್ತದೆ. ಮೂಲ ಒಂದೇ, ಪ್ಲೇಟಿನಿಂದ ಇಳಿಸಿಕೊಂಡವರು ಬೇರೆ. ಕೆಲವರು ಕರಕರ ಸದ್ದನ್ನು ತೆಗೆಯುವ ಹುಮ್ಮಸ್ಸಿನಲ್ಲಿ ಪಿಯಾನೋದ ಹೊಳಪನ್ನೂ ಒರೆಸಿಬಿಟ್ಟಿರುತ್ತಾರೆ. ಕಂಬಳಿ ಹೊದಿಸಿದ ಹಾಗೆ ಕೇಳಿಸುತ್ತದೆ. ಎರಡು ಮೂರು ಪ್ರತಿಗಳ ಮೊದಲ ಎರಡು ನಿಮಿಷ ಕೇಳಿ ನೋಡಿ. ಸದ್ದು ಸ್ವಲ್ಪ ಜಾಸ್ತಿ ಇದ್ದರೂ ಪಿಯಾನೋ ಪಿಯಾನೋದ ಹಾಗೆ ಕೇಳುವ ಪ್ರತಿಯನ್ನೇ ಇಟ್ಟುಕೊಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನೊಂದು ತಪಾಸಣೆ ಇದೆ. ಸಂಗೀತ ಕಲಿತವರ ಮನೆಯಲ್ಲಿ ಇದು ಸುಲಭ. ಹಳೆಯ ಪ್ಲೇಟುಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತು ತಿರುಗುತ್ತಿದ್ದವು ಅಂತೇನಿಲ್ಲ. ಇಳಿಸುವವರು ವೇಗ ತಪ್ಪಿಸಿದರೆ ಶ್ರುತಿಯೂ ತಪ್ಪುತ್ತದೆ. ಈ ಕಾನ್ಚೆರ್ಟೊ ಸಿ ಮೈನರ್‌ನದ್ದು, ಕೊನೆಗೆ ಸಿ ಮೇಜರ್‌ನಲ್ಲಿ ಮುಗಿಯುತ್ತದೆ. ಅಂದರೆ ಷಡ್ಜ ಒಂದು ಮನೆ ಶ್ರುತಿ. ಹಾರ್ಮೋನಿಯಂನವರ ಮಾತಲ್ಲಿ ಬಿಳಿ ಒಂದು. ತಂಬೂರಿ ಆ್ಯಪ್ ಅಲ್ಲಿಗೆ ಹೊಂದಿಸಿ, ಕೃತಿಯ ಕೊನೆಯ ಸ್ವರದ ಜೊತೆ ಬಿಡಿ. ಕೂಡಿದರೆ ಸರಿ. ಅರ್ಧ ಮನೆ ಮೇಲೆ ಹೋಗಿದ್ದರೆ ವೇಗ ಸುಮಾರು ನೂರಕ್ಕೆ ಆರರಷ್ಟು ಜಾಸ್ತಿಯಾಗಿದೆ ಅಂತ ಅರ್ಥ. ಅರ್ಧ ಗಂಟೆಯ ಕೃತಿಯಲ್ಲಿ ಅದು ಹೆಚ್ಚುಕಡಿಮೆ ಎರಡು ನಿಮಿಷ. ಅಂಥ ಪ್ರತಿ ಕೇಳಿ "ಆಗಿನವರು ಎಷ್ಟು ವೇಗವಾಗಿ ನುಡಿಸುತ್ತಿದ್ದರು" ಅಂತ ಬೆರಗಾಗುವುದು ಬೇಡ. ಅರ್ಧ ಮನೆಗಿಂತ ಕಡಿಮೆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆರ್ಕೆಸ್ಟ್ರಾಗಳ ಶ್ರುತಿಯೇ ಊರಿಂದೂರಿಗೆ ಸ್ವಲ್ಪ ಆಚೀಚೆ ಇರುತ್ತದೆ.

4. ಮೂರನೆಯವರನ್ನು ಕರೆತನ್ನಿ, ಚೀಟಿ ಹಿಡಿದು ಕೂರಿ

ಈಗ ಮೊದಲ ಎರಡಕ್ಕೂ ಹೋಲದ ಒಂದು ಬೇಕು. ಸ್ವ್ಯಾಟೊಸ್ಲಾವ್ ರಿಖ್ಟರ್ 1959ರಲ್ಲಿ ವಾರ್ಸಾ ಫಿಲ್ಹಾರ್ಮೋನಿಕ್ ಜೊತೆ ಡಾಯ್ಚೆ ಗ್ರಾಮಫೋನ್ ಕಂಪನಿಗೆ ನುಡಿಸಿದ್ದು. ಕಂಡಕ್ಟರ್ ಸ್ಟಾನಿಸ್ಲಾವ್ ವಿಸ್ಲೊಟ್ಸ್ಕಿ. ಶುರುವಿನ ಗಂಟೆಗಳನ್ನು ಕೇಳಿ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ! ಇವರು ಮುಂದಿನದನ್ನು ಮರೆತೇಬಿಟ್ಟರೇನೋ ಅನ್ನಿಸುತ್ತದೆ. ಮೊದಲ ಭಾಗ ಹನ್ನೊಂದು ನಿಮಿಷ ದಾಟುತ್ತದೆ. ಅದೇ ಸ್ವರಗಳು, ಅದೇ ಕಾಗದ. ಆದರೆ ರಾಕ್ಮನಿನೊಫ್ ನಡೆದ ದಾರಿಯಲ್ಲಿ ರಿಖ್ಟರ್ ಬಂಡೆ ಉರುಳಿಸುತ್ತಾರೆ.

ಪೂರ್ತಿ ಕೃತಿಗಳನ್ನು ಒಂದರ ಹಿಂದೆ ಒಂದು ಕೇಳಬೇಡಿ. ಹೋಲಿಸಲು ಆಗುವುದಿಲ್ಲ, ಮೊದಲಿನದು ಮರೆತಿರುತ್ತದೆ. ಚೀಟಿಯಲ್ಲಿ ಬರೆದ ನಾಲ್ಕು ಜಾಗಗಳನ್ನು ಮಾತ್ರ ಮೂರೂ ಕಡೆ ಹುಡುಕಿ, ಒಂದೊಂದನ್ನೂ ಒಂದು ನಿಮಿಷ ಕೇಳಿ. ಆಗ ಈ ಪ್ರಶ್ನೆಗಳು ತಾವಾಗಿ ಬರುತ್ತವೆ. ಗಂಟೆಗಳಲ್ಲಿ ಎಡಗೈ ಸ್ವರಗಳು ಧಬ್ ಅಂತ ಒಟ್ಟಿಗೆ ಬಿದ್ದವೋ, ಕೆಳಗಿನಿಂದ ಮೇಲಕ್ಕೆ ಒಡೆದು ಬಿದ್ದವೋ? ಆ ಗುಚ್ಛಕ್ಕೆ ಅಗಲವಾದ ಕೈ ಬೇಕು. ರಾಕ್ಮನಿನೊಫ್ ಅವರ ಅಂಗೈ ದೊಡ್ಡದಕ್ಕೇ ಹೆಸರಾಗಿತ್ತು. ಕೈ ಎಟುಕದವರು ಒಡೆದು ನುಡಿಸುತ್ತಾರೆ. ತಂತಿವಾದ್ಯಗಳ ರಾಗ ಬಂದಾಗ ಪಿಯಾನೋ ಹಿಂದೆ ಸರಿಯಿತೋ, ಅಥವಾ ಮೈಕ್ ಅದರ ಪಕ್ಕದಲ್ಲೇ ಇದ್ದದ್ದರಿಂದ ಮುಂದೆಯೇ ನಿಂತಿತೋ? ಕೊಳಲಿನವರು ಕ್ಲಾರಿನೆಟ್‌ಗೆ ರಾಗ ದಾಟಿಸುವಾಗ ಹೊಲಿಗೆ ಕಂಡಿತೋ?

ಯಾವುದು ಸರಿ ಅಂತ ಕೇಳಬೇಡಿ. ಬರೆದವರದ್ದೇ ಸರಿ ಅನ್ನುವುದಾದರೆ ಉಳಿದ ಯಾರೂ ನುಡಿಸುವ ಅಗತ್ಯವೇ ಇರಲಿಲ್ಲ. ನನ್ನ ಮಟ್ಟಿಗೆ ಗಂಟೆಗಳಿಗೆ ರಿಖ್ಟರ್, ಉಳಿದದ್ದಕ್ಕೆಲ್ಲ ರಾಕ್ಮನಿನೊಫ್.

5. ಲೇಬಲ್ ಓದುವಾಗ ಎಡವುವ ಜಾಗಗಳು

ವರ್ಷ ನೋಡಿ ಮೋಸಹೋಗಬೇಡಿ. ಆ್ಯಪ್ ತೋರಿಸುವ ವರ್ಷ ಬಹಳ ಸಲ ಮರುಬಿಡುಗಡೆಯದ್ದು. 1929ರದ್ದಕ್ಕೆ 2009 ಅಂತ ಬರೆದಿರುತ್ತದೆ. ಸಿಡಿ ಹೊದಿಕೆಯ ಮೇಲೆ ವೃತ್ತದೊಳಗೆ 'ಪಿ' ಅಕ್ಷರ ಇರುತ್ತದಲ್ಲ, ಅದು ಕೂಡ ಧ್ವನಿಮುದ್ರಣ ಪ್ರಕಟವಾದ ವರ್ಷ, ನುಡಿಸಿದ ವರ್ಷವಲ್ಲ. ನುಡಿಸಿದ ದಿನಾಂಕ ಒಳಗಿನ ಪುಸ್ತಿಕೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ನಾನೊಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಹಳೇ ಸಿಡಿ ಒಂದನ್ನು ಕೊಂಡೆ. ಹೊದಿಕೆ ಮೇಲೆ ಸೂರ್ಯಾಸ್ತದ ಚಿತ್ರ ಇತ್ತು, ಕೃತಿಯ ಹೆಸರು ಇತ್ತು, ನುಡಿಸಿದವರ ಹೆಸರು ಎಲ್ಲೂ ಇರಲಿಲ್ಲ. ಇವತ್ತಿಗೂ ಅದು ಯಾರು ಅಂತ ಗೊತ್ತಿಲ್ಲ. ಚೆನ್ನಾಗೇ ನುಡಿಸಿದ್ದಾರೆ, ಪಾಪ.

ಎರಡನೇ ಮೋಸ ಪಿಯಾನೋ ರೋಲ್. "ಮಾಲರ್ ನುಡಿಸಿದ ಮಾಲರ್, 1905" ಅಂತ ಕಂಡು ಒತ್ತಿದರೆ ಲಕಲಕ ಹೊಳೆಯುವ ಸ್ಟೀರಿಯೋ ಪಿಯಾನೋ ಕೇಳುತ್ತದೆ. 1905ರಲ್ಲಿ ಇಂಥ ಸದ್ದು ಹೇಗೆ ಬಂತು? ಬಂದಿಲ್ಲ. ಆ ವರ್ಷ ಮಾಲರ್ ವೆಲ್ಟೆ ಮಿನ್ಯೋನ್ ಅನ್ನುವ ಯಂತ್ರದ ಮುಂದೆ ಕೂತು ತಮ್ಮ ಐದನೇ ಸಿಂಫನಿಯ ಮೊದಲ ಭಾಗವನ್ನು ಪಿಯಾನೋದಲ್ಲಿ ನುಡಿಸಿದ್ದು ನಿಜ. ಆದರೆ ಯಂತ್ರ ಹಿಡಿದದ್ದು ಸದ್ದನ್ನಲ್ಲ. ಯಾವ ಮನೆ ಯಾವಾಗ ಒತ್ತಿದರು ಅನ್ನುವುದನ್ನು ಕಾಗದದ ಸುರುಳಿಯಲ್ಲಿ ತೂತುಗಳಾಗಿ ಉಳಿಸಿತು. ಆ ಸುರುಳಿಯನ್ನು ಈಗಿನ ಪಿಯಾನೋಕ್ಕೆ ತೊಡಿಸಿ ರೆಕಾರ್ಡ್ ಮಾಡಿದ್ದು ನಾವು ಕೇಳುವುದು. ಬೆರಳಚ್ಚು ಅವರದ್ದು, ಮೈ ಬೇರೆಯದು. ಸುರುಳಿ ಎಷ್ಟು ವೇಗದಲ್ಲಿ ಓಡಿಸಿದರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕುತೂಹಲಕ್ಕೆ ಕೇಳಿ, ತೀರ್ಪು ಕೊಡಲು ಕೇಳಬೇಡಿ.

ಮೂರನೆಯದು ಕತ್ತರಿ. ರಾಕ್ಮನಿನೊಫ್ ಎರಡನೇ ಸಿಂಫನಿ ಪೂರ್ತಿ ನುಡಿಸಿದರೆ ಸುಮಾರು ಒಂದು ಗಂಟೆ. ಹಳೆಯ ಕೆಲವು ರೆಕಾರ್ಡಿಂಗ್‌ಗಳು 45 ನಿಮಿಷದ ಆಸುಪಾಸಿನಲ್ಲೇ ಮುಗಿಯುತ್ತವೆ. ವೇಗವಾಗಿ ನುಡಿಸಿದ್ದಲ್ಲ, ನಡುನಡುವೆ ಕತ್ತರಿಸಿದ್ದು. ದಶಕಗಟ್ಟಲೆ ಅದೇ ರೂಢಿ ಇತ್ತು. ಪ್ರೆವಿನ್ 1973ರಲ್ಲಿ ಲಂಡನ್ ಸಿಂಫನಿ ಜೊತೆ ಕತ್ತರಿ ಇಲ್ಲದೆ ಮಾಡಿದ ರೆಕಾರ್ಡಿಂಗ್ ಹೆಸರುವಾಸಿಯಾಯಿತು. ಹಾಗಾಗಿ ಒಟ್ಟು ನಿಮಿಷ ಎಷ್ಟು ಅಂತ ನೋಡಿಯೇ ಒತ್ತಿ. ಮೂರನೇ ಕಾನ್ಚೆರ್ಟೊದಲ್ಲಿ ಬರೆದವರೇ ತಮ್ಮ ರೆಕಾರ್ಡಿಂಗ್‌ನಲ್ಲಿ ಕೆಲವು ಜಾಗ ಬಿಟ್ಟಿದ್ದಾರೆ. ಅಲ್ಲಿ ಇನ್ನೊಂದು ತಮಾಷೆ ಉಂಟು. ಮೊದಲ ಭಾಗದಲ್ಲಿ ಪಿಯಾನೋ ಒಂಟಿಯಾಗಿ ನುಡಿಸುವ ಕಡೆಂಜಾಕ್ಕೆ ಅವರು ಎರಡು ಪಾಠ ಬರೆದಿಟ್ಟಿದ್ದಾರೆ. ಒಂದು ಹಗುರ, ಓಡುವಂಥದ್ದು. ಇನ್ನೊಂದು ಗುಡ್ಡ ಜರಿದ ಹಾಗೆ ದಪ್ಪ ಗುಚ್ಛಗಳದ್ದು. ತಾವು ನುಡಿಸಿದ್ದು ಹಗುರದ್ದನ್ನು. ಹೊರೊವಿಟ್ಸ್ ಕೂಡ ಅದನ್ನೇ. ವ್ಯಾನ್ ಕ್ಲೈಬರ್ನ್ 1958ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದು ದಪ್ಪದ್ದನ್ನು. ಎರಡೂ ಕೇಳಿ ನಿಮ್ಮ ಪಕ್ಷ ಆರಿಸಿಕೊಳ್ಳಿ.

ಬ್ರುಕ್ನರ್ ಕಡೆ ಹೋಗುವವರಿಗೆ ಒಂದೇ ಮಾತು. ಅವರು ಸಿಂಫನಿಗಳನ್ನು ಮತ್ತೆ ಮತ್ತೆ ತಿದ್ದಿದರು, ಆಮೇಲೆ ಸಂಪಾದಕರು ಬೇರೆ ಸೇರಿಕೊಂಡರು. ಲೇಬಲ್ ಮೇಲೆ ಹಾಸ್, ನೊವಾಕ್ ಅಂತ ಕಂಡರೆ ಅವು ವಾದಕರ ಹೆಸರಲ್ಲ, ಪಾಠ ಸಂಪಾದಿಸಿದವರ ಹೆಸರು.

6. ಆರ್ಕೆಸ್ಟ್ರಾಗೆ ದಾಟಿ: ಏಳು ನಿಮಿಷವೋ, ಹನ್ನೆರಡು ನಿಮಿಷವೋ?

ಪಿಯಾನೋ ಇಲ್ಲದ ಕೃತಿ ಹೋಲಿಸುವುದು ಸ್ವಲ್ಪ ಕಷ್ಟ. ಹಿಡಿದುಕೊಳ್ಳಲು ಒಬ್ಬ ವಾದಕ ಇಲ್ಲ. ಅದಕ್ಕೆ ಚಿಕ್ಕದರಿಂದ ಶುರು ಮಾಡಿ. ಮಾಲರ್ ಐದನೇ ಸಿಂಫನಿಯ ನಾಲ್ಕನೇ ಭಾಗ, ಅಡಾಜಿಯೆಟ್ಟೊ. ಬರೀ ತಂತಿವಾದ್ಯಗಳು ಮತ್ತು ಒಂದು ಹಾರ್ಪ್. ವಿಲೆಮ್ ಮೆಂಗೆಲ್‌ಬರ್ಗ್ ಇದನ್ನು 1926ರಲ್ಲಿ ಆ್ಯಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಹೆಬೌ ಆರ್ಕೆಸ್ಟ್ರಾ ಜೊತೆ ರೆಕಾರ್ಡ್ ಮಾಡಿದರು. ಏಳು ನಿಮಿಷದ ಆಸುಪಾಸು. ಅವರು ಮಾಲರ್ ಅವರನ್ನು ಹತ್ತಿರದಿಂದ ಬಲ್ಲವರು. ಇನ್ನೊಬ್ಬ ಕಂಡಕ್ಟರ್ ಕರಾಯನ್ ಬರ್ಲಿನ್‌ನಲ್ಲಿ 1973ರಲ್ಲಿ ಮಾಡಿದ್ದು ಹೆಚ್ಚುಕಡಿಮೆ ಹನ್ನೆರಡು ನಿಮಿಷ.

ಮೆಂಗೆಲ್‌ಬರ್ಗ್ ಅವರದ್ದರಲ್ಲಿ ಪಿಟೀಲುಗಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು ಗಮನಿಸಿ. ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಇದು ಜಾರು! ಆಗಿನ ಯುರೋಪಿನ ಪಿಟೀಲುಗಾರರೆಲ್ಲ ಹೀಗೆ ಜಾರಿಸುತ್ತಿದ್ದರು. ಆಮೇಲೆ ಅದು ಹಳೇ ಫ್ಯಾಷನ್ ಆಗಿ, ಸ್ವರಗಳನ್ನು ಬಿಡಿಬಿಡಿಯಾಗಿ ತೊಳೆದಿಟ್ಟ ಹಾಗೆ ನುಡಿಸುವುದು ಬಂತು. ಏಳು ನಿಮಿಷದಲ್ಲಿ ಇದು ಪ್ರೇಮಪತ್ರ. ಹನ್ನೆರಡು ನಿಮಿಷದಲ್ಲಿ ಶ್ರದ್ಧಾಂಜಲಿ. ನನಗೆ ಪತ್ರವೇ ಇಷ್ಟ.

ಇದಾದಮೇಲೆ ಧೈರ್ಯ ಬಂದರೆ ಒಂಬತ್ತನೇ ಸಿಂಫನಿ. ಇಲ್ಲಿ ಕಂಡಕ್ಟರ್ ಒಬ್ಬರೇ, ಕಾಲ ಎರಡು. ಬ್ರೂನೋ ವಾಲ್ಟರ್ ಮಾಲರ್ ಅವರ ಶಿಷ್ಯ ಸಮಾನರು. ಮಾಲರ್ ತೀರಿಕೊಂಡ ಮರುವರ್ಷ, 1912ರಲ್ಲಿ, ಈ ಕೃತಿಯನ್ನು ಮೊದಲು ನುಡಿಸಿದವರೇ ಅವರು. 1938ರ ಜನವರಿ 16ರಂದು ವಿಯೆನ್ನಾದಲ್ಲಿ ಕಛೇರಿ ನಡೆಯುವಾಗಲೇ ಅದನ್ನು ರೆಕಾರ್ಡ್ ಮಾಡಿದರು. ಸುಮಾರು 70 ನಿಮಿಷ. ಸಭಿಕರು ಕೆಮ್ಮುವುದೂ ಕೇಳುತ್ತದೆ. ಪಿಟೀಲಿನ ಮೊದಲ ಕುರ್ಚಿಯಲ್ಲಿ ಕೂತಿದ್ದವರು ಮಾಲರ್ ಅವರ ತಂಗಿಯ ಗಂಡ ಆರ್ನಾಲ್ಡ್ ರೋಸೆ. ಎರಡು ತಿಂಗಳಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ಬಂತು. ಯಹೂದಿಗಳಾದ ವಾಲ್ಟರ್, ರೋಸೆ ಇಬ್ಬರೂ ದೇಶ ಬಿಡಬೇಕಾಯಿತು. 1961ರಲ್ಲಿ, 84ರ ವಯಸ್ಸಿನಲ್ಲಿ, ವಾಲ್ಟರ್ ಅದೇ ಕೃತಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಸ್ಟೀರಿಯೋದಲ್ಲಿ ಮತ್ತೆ ಮಾಡಿದರು. ಈ ಸಲ ಸುಮಾರು 81 ನಿಮಿಷ. ಕೊನೆಯ ಭಾಗವನ್ನಾದರೂ ಎರಡೂ ಕಡೆ ಕೇಳಿ. ಮೊದಲನೆಯದರಲ್ಲಿ ಆತುರ ಇದೆ. ನಮಗೆ ಚರಿತ್ರೆ ಗೊತ್ತಿರುವುದರಿಂದ ಹಾಗೆ ಕೇಳಿಸುತ್ತದೋ ಏನೋ.

ಆ ವಿಯೆನ್ನಾ ರೆಕಾರ್ಡಿಂಗ್ ನೋಡಿಕೊಂಡವರು ಫ್ರೆಡ್ ಗೈಸ್‌ಬರ್ಗ್. 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಹಾಡನ್ನು ಪ್ಲೇಟಿಗೆ ಇಳಿಸಿದ ಅದೇ ಗೈಸ್‌ಬರ್ಗ್. ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ವಿದುಷಿಯಾಗಿದ್ದು, 1930ರಲ್ಲಿ ಮೈಸೂರಲ್ಲೇ ತೀರಿಕೊಂಡರು.

ದೊಡ್ಡ ಆರ್ಕೆಸ್ಟ್ರಾದ ಪೂರ್ತಿ ಮೈ ಕೇಳಬೇಕೆಂದರೆ ಫ್ರಿಟ್ಸ್ ರೈನರ್ ಚಿಕಾಗೋ ಸಿಂಫನಿ ಜೊತೆ ಮಾಡಿದ ಸ್ಟ್ರಾಸ್ ಅವರ ಜರತುಷ್ಟ್ರ ಕೃತಿ ಹಾಕಿ. 1954ರ ಮಾರ್ಚ್‌ನದ್ದು. ಸ್ಟೀರಿಯೋ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದ್ದು ಅಂದರೆ ನಂಬುವುದು ಕಷ್ಟ.

7. ಕೊನೆಗೆ ಮೈಸೂರಿನ ದಾರಿ

ಇಲ್ಲಿಯವರೆಗೆ ಬಂದಿದ್ದರೆ ನಿಕೊಲಾಯ್ ಮೆಟ್ನರ್‌ಗೆ ನೀವು ಸಿದ್ಧ. ರಾಕ್ಮನಿನೊಫ್ ಅವರ ಆಪ್ತ ಗೆಳೆಯ. ರಾಕ್ಮನಿನೊಫ್ ತಮ್ಮ ನಾಲ್ಕನೇ ಕಾನ್ಚೆರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರು, ಮೆಟ್ನರ್ ತಮ್ಮ ಎರಡನೆಯದನ್ನು ರಾಕ್ಮನಿನೊಫ್‌ಗೆ. ಗೆಳೆಯನಿಗೆ ಸಿಕ್ಕ ಹೆಸರಾಗಲೀ ಹಣವಾಗಲೀ ಮೆಟ್ನರ್‌ಗೆ ಸಿಗಲಿಲ್ಲ. ರಷ್ಯಾ ಬಿಟ್ಟು ಲಂಡನ್ನಿನಲ್ಲಿ ನೆಲೆಸಿ, ಯುದ್ಧದ ಕಾಲಕ್ಕೆ ಆರೋಗ್ಯವೂ ಕೆಟ್ಟು ಕೂತಿದ್ದರು. ಆಗ ಅವರ ಸಂಗೀತವನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ದೇವಿಯ ಮೇಲೆ ಕೃತಿ ರಚಿಸಿದ ಅದೇ ಒಡೆಯರು. ಪಿಯಾನೋವನ್ನೂ ಶ್ರದ್ಧೆಯಿಂದ ಕಲಿತವರು. ಅವರ ಬೆಂಬಲದಿಂದ ಮೆಟ್ನರ್ ಸೊಸೈಟಿ ಹುಟ್ಟಿ, ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ ಪ್ಲೇಟುಗಳನ್ನು ಹೊರತಂದಿತು. ಮೂರು ಕಾನ್ಚೆರ್ಟೊಗಳನ್ನೂ ಮೆಟ್ನರ್ 1947ರಲ್ಲಿ ತಾವೇ ನುಡಿಸಿದರು. ಆರ್ಕೆಸ್ಟ್ರಾ ಫಿಲ್ಹಾರ್ಮೋನಿಯಾ. ಮೂರನೆಯದರ ಅರ್ಪಣೆಯಲ್ಲಿ ಮೈಸೂರು ಮಹಾರಾಜರ ಹೆಸರಿದೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ನಾಲ್ಕು ವರ್ಷ ತಡವಾಗಿದ್ದರೆ ಇದ್ಯಾವುದೂ ನಮಗೆ ಉಳಿಯುತ್ತಿರಲಿಲ್ಲ.

ಆದರೆ ಊರಿನ ಅಭಿಮಾನಕ್ಕೆ ನೇರ ಮೂರನೇ ಕಾನ್ಚೆರ್ಟೊಕ್ಕೆ ಕೈ ಹಾಕಬೇಡಿ. ರಾಕ್ಮನಿನೊಫ್ ಥರ ರಾಗವನ್ನು ತಟ್ಟೆಯಲ್ಲಿಟ್ಟು ಮುಂದೆ ತರುವವರಲ್ಲ ಇವರು. ಮೊದಲು ಐದಾರು ನಿಮಿಷಕ್ಕೂ ಮೀರದ ಚಿಕ್ಕ ಪಿಯಾನೋ ಕೃತಿಗಳು. ಅವನ್ನು ಮೆಟ್ನರ್ 'ಸ್ಕಾಜ್ಕಿ' ಅಂತ ಕರೆದರು. ಅಂದರೆ ಅಜ್ಜಿಕಥೆಗಳು. ಆಮೇಲೆ ಸೊನಾಟಾ ರೆಮಿನಿಸೆಂಜಾ, ಎಮಿಲ್ ಗಿಲೆಲ್ಸ್ ನುಡಿಸಿದ್ದು. ಆಮೇಲೆ ಎರಡು, ಮೂರನೇ ಕಾನ್ಚೆರ್ಟೊಗಳನ್ನು ನಿಕೊಲಾಯ್ ಡೆಮಿಡೆಂಕೊ ಹೈಪೀರಿಯನ್ ಕಂಪನಿಗೆ ಮಾಡಿದ್ದು. ಮೂಲದವರ 1947ರ ಪ್ಲೇಟು ಕೊನೆಗೆ. ಆಗಲೇ ಹೇಳಿದ ಕ್ರಮವೇ ಇಲ್ಲೂ.

ಮಹಾರಾಜರ ಇನ್ನೊಂದು ಕಾಣಿಕೆಯೂ ಇದೆ. ಅದು ಪಿಯಾನೋದ್ದಲ್ಲ, ಹಾಡಿನದ್ದು. ಸ್ಟ್ರಾಸ್ 1948ರಲ್ಲಿ ಆರ್ಕೆಸ್ಟ್ರಾ ಜೊತೆಗಿನ ನಾಲ್ಕು ಹಾಡು ಬರೆದು ಮರುವರ್ಷ ತೀರಿಕೊಂಡರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವು ಮೊದಲ ಸಲ ಕೇಳಿಬಂದವು. ಹಾಡಿದವರು ಕಿರ್‌ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್. ಕಛೇರಿಗೆ 4,800 ಡಾಲರ್ ಭರವಸೆ ನಿಂತವರು ಮೈಸೂರು ಮಹಾರಾಜರು. ಷರತ್ತು ಒಂದೇ. ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಬೇಕು. ಆಗಲೇ ಅವರ ಸಂಗ್ರಹದಲ್ಲಿ ಸುಮಾರು 20,000 ಪ್ಲೇಟುಗಳಿದ್ದವು ಅನ್ನುವ ಅಂದಾಜಿದೆ.

ಆ ರಾತ್ರಿಯ ರೆಕಾರ್ಡಿಂಗ್ ಈಗ ಕೇಳಲು ಸಿಗುತ್ತದೆ. ಸದ್ದು ಬಹಳ ಕೆಟ್ಟದು. ಆರ್ಕೆಸ್ಟ್ರಾ ಪಕ್ಕದ ಬೀದಿಯಲ್ಲಿ ನುಡಿಸಿದ ಹಾಗಿದೆ. ಹಾಗಾಗಿ ಮೊದಲು ಎಲಿಸಬೆತ್ ಶ್ವಾರ್ಟ್ಸ್‌ಕಾಫ್ 1953ರಲ್ಲಿ ಫಿಲ್ಹಾರ್ಮೋನಿಯಾ ಜೊತೆ ಹಾಡಿದ್ದನ್ನು ಎರಡು ಸಲ ಕೇಳಿ, 'ಸಂಜೆಗೆಂಪಿನಲ್ಲಿ' ಅನ್ನುವ ಹಾಡಿನ ಕೊನೆ ನೆನಪಿಟ್ಟುಕೊಳ್ಳಿ. ಅಲ್ಲಿ ಎರಡು ಭಾರದ್ವಾಜ ಹಕ್ಕಿಗಳು ಕೊಳಲಿನಲ್ಲಿ ಉಲಿಯುತ್ತವೆ. ಆಮೇಲೆ ವಾಲ್ಯೂಮ್ ಸ್ವಲ್ಪ ಏರಿಸಿ, 1950ರದ್ದರಲ್ಲಿ ಅದೇ ಜಾಗಕ್ಕೆ ಬನ್ನಿ. ಕರಕರದ ಅಡಿಯಲ್ಲಿ ಹಕ್ಕಿಗಳನ್ನು ಹುಡುಕಬೇಕು.